ತೂತಿಲ್ಲದ ಮಾಚಿಕಾಯಿ

ಅಕ್ಕನ ಮಗಳ ಬಾಣಂತನಕ್ಕೆ ಅಮ್ಮ ಪಟ್ಟಿ ಬರೆಸಿದರು: ಬಜೆ, ಜಾಯಿಕಾಯಿ, ಅಳಲೆಕಾಯಿ, ಮಾಚಿಕಾಯಿ. ಕೂಸಿಗೆ ಆರು ತಿಂಗಳವರೆಗೆ ತಾಯಿಹಾಲು ಬಿಟ್ಟು ಏನೂ ಬೇಡ ಅಂತ ಡಾಕ್ಟರು ಹೇಳಿದ್ದಾರೆ. ಆದ್ರೂ ಪಟ್ಟಿ ಪಟ್ಟಿಯೇ. ಹಾಸನದ ಗ್ರಂಥಿಗೆ ಅಂಗಡಿಯೊಂದರಲ್ಲಿ ಎಲ್ಲಾ ಸಿಕ್ಕಿತು.

ಮನೆಯಲ್ಲಿ ಅಮ್ಮ ಮಾಚಿಕಾಯಿಗಳನ್ನು ಒಂದೊಂದಾಗಿ ಬೆಳಕಿಗೆ ಹಿಡಿದರು. ಗೋಲಿಯಷ್ಟು ಗಾತ್ರ, ಕಲ್ಲಿನಂಥ ಗಟ್ಟಿ, ಮೈತುಂಬ ಮೊಂಡು ಮುಳ್ಳು. ಎರಡರಲ್ಲಿ ಮಾತ್ರ ಕಡ್ಡಿ ಚುಚ್ಚಿ ತೆಗೆದಂಥ ದುಂಡನೆಯ ತೂತು.

"ಹುಳ ಹೊಡೆದಿದೆ. ವಾಪಸ್ ಕೊಟ್ಟು ಬಾ."

ನಾನು ಏಳಲಿಲ್ಲ. ಮಾಚಿಕಾಯಿ ಕಾಯೇ ಅಲ್ಲವಲ್ಲ! ತಲೆಗೆ ಪೆಟ್ಟು ಬಿದ್ದರೆ ಬುಗುಟು ಏಳುತ್ತದಲ್ವಾ, ಇದು ಗಿಡಕ್ಕೆ ಎದ್ದ ಬುಗುಟು. ಟರ್ಕಿ, ಸಿರಿಯಾ, ಇರಾನಿನ ಕಡೆ ಬೆಳೆಯುವ ಒಂದು ಓಕ್ ಗಿಡದ ಮೇಲೆ ಪುಟ್ಟ ಕಣಜ ಮೊಟ್ಟೆ ಇಡುತ್ತದೆ. ಮರಿಹುಳದ ಕಿತಾಪತಿಗೆ ಗಿಡ ಊದಿಕೊಂಡು ಅದರ ಸುತ್ತ ಮನೆ ಕಟ್ಟುತ್ತದೆ. ಒಳಗೋಡೆ ಹುಳಕ್ಕೆ ಊಟ, ಹೊರಗೋಡೆ ಬರೀ ಒಗರು. ಈ ಒಗರಿಗೆ ಅನ್ನಭೇದಿ ಅನ್ನುವ ಕಬ್ಬಿಣದ ಉಪ್ಪು ಬೆರೆಸಿ ಯುರೋಪಿನವರು ನೂರಾರು ವರ್ಷ ಕಪ್ಪು ಶಾಯಿ ಮಾಡಿಕೊಂಡರು. ತೂತಿರುವುದು ಕಣಜ ಹಾರಿಹೋದ ಖಾಲಿ ಮನೆ. ತೂತಿಲ್ಲದ್ದರಲ್ಲೇ ಹುಳ ಇರೋದು! ಒಗರೂ ಅದರಲ್ಲೇ ಜಾಸ್ತಿ, ಹಾಗಾಗಿ ಹಿಂದಿನಿಂದಲೂ ಅದಕ್ಕೇ ಬೆಲೆ. ಅಮ್ಮ ಆರಿಸಿದ್ದು ಸರಿ, ಕಾರಣ ಮಾತ್ರ ತಲೆಕೆಳಗು.

ಬುಗುಟುಗಳ ಸಂತೆಯನ್ನೇ ನೋಡಬೇಕಾದರೆ ಮರುಭೂಮಿಗೆ ಹೋಗಬೇಕು. ಅಮೆರಿಕದ ಮರಳುಗಾಡಿನಲ್ಲಿ ಕ್ರಿಯೊಸೋಟ್ ಅನ್ನುವ ಪೊದೆಯಿದೆ. ಅದೊಂದರ ಮೇಲೆ ಸುಮಾರು 15 ಬಗೆಯ ಸೊಳ್ಳೆಯಂಥ ನೊಣಗಳು ಹೀಗೆ ಮನೆ ಕಟ್ಟಿಸಿಕೊಳ್ಳುತ್ತವೆ. ಒಂದಕ್ಕೆ ಎಲೆ, ಒಂದಕ್ಕೆ ಕಾಂಡ, ಇನ್ನೊಂದಕ್ಕೆ ಮೊಗ್ಗು. ಅಣ್ಣತಮ್ಮಂದಿರ ಪಾಲುಪಟ್ಟಿ, ಆದರೆ ಕೋರ್ಟಿಗೆ ಹೋದವರಿಲ್ಲ. ತಾಯಿನೊಣ ಮೊಟ್ಟೆಯ ಜೊತೆಗೆ ಒಂದಿಷ್ಟು ಬೂಷ್ಟನ್ನೂ ಇಟ್ಟು ಹೋಗುತ್ತದೆ, ಮಗಳಿಗೆ ಮಡಿಲಕ್ಕಿ ಕಟ್ಟಿದ ಹಾಗೆ. ಬೂಷ್ಟು ಒಳಗೋಡೆಗೆ ಹಬ್ಬುತ್ತದೆ, ಮರಿ ಅದನ್ನೇ ಮೇಯುತ್ತದೆ. ಹೊರಗೆ ಕೆಂಡದಂಥ ಬಿಸಿಲು, ಒಳಗೆ ತೇವ, ನೆರಳು, ಊಟ.

ಅಷ್ಟು ದೂರ ಯಾಕೆ, ಅರಸೀಕೆರೆ ದಾರಿಯ ಹೊಂಗೆ ಎಲೆ ಕಿತ್ತು ನೋಡಿ. ಮೈತುಂಬ ಗುಳ್ಳೆ. ಅದು ಕೀಟದ್ದಲ್ಲ, ಕಣ್ಣಿಗೆ ಬೀಳದ ನುಸಿಯ ಕೆಲಸ. ನಮ್ಮ ತೆಂಗಿನಕಾಯಿಯನ್ನು ಕಾಡುವ ನುಸಿಗೆ ದಾಯಾದಿ ಅದು.

ಇಷ್ಟೆಲ್ಲ ಹೇಳಿದರೂ ಅಮ್ಮ ನಂಬಲಿಲ್ಲ. ಏಕಾದಶಿ ದಿನ ಈರುಳ್ಳಿಯನ್ನೂ ಮುಟ್ಟದವರು, ಹುಳದ ಮನೆ ಅಂದ್ರೆ ಒಪ್ತಾರಾ? ಸುಮ್ನೆ ವಾದ ಯಾಕೆ ಅಂತ ತೂತಿಲ್ಲದ್ದೊಂದನ್ನು ಗುಂಡುಕಲ್ಲಿನಲ್ಲಿ ಜಜ್ಜಿದೆ. ಮೂರನೇ ಏಟಿಗೆ ಒಡೆಯಿತು. ನಟ್ಟನಡುವೆ ಮೆಣಸಿನಕಾಳಿನಷ್ಟು ಕೋಣೆ. ಅದರಲ್ಲಿ ಒಣಗಿ ಮುದುಡಿದ ಕಂದು ಹುಳ.

ಅಮ್ಮ ಕನ್ನಡಕ ಏರಿಸಿ ತುಂಬಾ ಹೊತ್ತು ನೋಡಿದರು.

"ನಿಂಗೂ ಇದನ್ನೇ ತೇಯ್ದು ನೆಕ್ಕಿಸಿದ್ದು ಕಣೇ," ಅಂದರು. ಆಮೇಲೆ ತೂತಿರುವ ಎರಡನ್ನು ಮಾತ್ರ ಎತ್ತಿ ಡಬ್ಬಿಗೆ ಹಾಕಿಕೊಂಡರು.