ಸುಸ್ತಾಗುವಷ್ಟು ವಿಶ್ರಾಂತಿ

ಹಿಂದೆಲ್ಲ ದಣಿದ ಮನುಷ್ಯ ಕೂರುತ್ತಿದ್ದ. ಕೂತಲ್ಲೇ ತೂಕಡಿಕೆ ಬಂದರೆ ಒರಗುತ್ತಿದ್ದ. ಅದಕ್ಕೆ ಯಾರ ಅಪ್ಪಣೆಯೂ ಬೇಕಿರಲಿಲ್ಲ. ಈಗ ದಣಿವು ಬಂದರಷ್ಟೇ ಸಾಲದು, ಅದು ಕ್ಯಾಲೆಂಡರಿನಲ್ಲಿ ಮೊದಲೇ ನಮೂದಾಗಿರಬೇಕು. ಬುಧವಾರ ಮೈಕೈ ನೋವು ಕಿತ್ತು ತಿನ್ನುತ್ತಿದ್ದರೂ ಭಾನುವಾರದ ರೆಸ್ಟ್ ಡೇ ಬರುವವರೆಗೆ ಕೂರುವಂತಿಲ್ಲ. ಭಾನುವಾರ ಮೈ ಹಗುರಾಗಿ ಕುಣಿಯುವಂತಿದ್ದರೂ ಏಳುವಂತಿಲ್ಲ. ದೇಹ ತನ್ನ ಅಹವಾಲನ್ನು ಸೂಕ್ತ ಮಾರ್ಗದಲ್ಲೇ ಸಲ್ಲಿಸಬೇಕು.

ಗೆಳೆಯನೊಬ್ಬ ತನ್ನ ‘ಡಿಲೋಡ್ ವೀಕ್’ನ, ಅಂದರೆ ವ್ಯಾಯಾಮ ತಗ್ಗಿಸಿ ದಣಿವಾರಿಸಿಕೊಳ್ಳುವ ವಾರದ, ಎಕ್ಸೆಲ್ ಹಾಳೆಯನ್ನು ನನಗೆ ತೋರಿಸಿದ. ಬೆಳಗ್ಗೆ ಐದೂವರೆಗೆ ಎಚ್ಚರ. ಎದ್ದ ತಕ್ಷಣ, ಹಾಸಿಗೆ ಬಿಡುವ ಮೊದಲೇ, ಹೃದಯ ಬಡಿತದ ದಾಖಲಾತಿ. ನಂತರ ಫೋಮ್ ರೋಲರ್: ನೆಲದ ಮೇಲೆ ಒಂದು ಗಟ್ಟಿ ಉರುಳೆ, ಅದರ ಮೇಲೆ ತೊಡೆ, ತೊಡೆಯ ಮೇಲೆ ಇಡೀ ದೇಹದ ಭಾರ, ಬಾಯಲ್ಲಿ ‘ಅಯ್ಯಯ್ಯೋ’. ಇದು ಆರಾಮದ ಮೊದಲ ಹಂತ. ಆಮೇಲೆ ಸ್ಟ್ರೆಚಿಂಗು, ಮಸಾಜ್ ಗನ್ನು, ಹಗುರ ನಡಿಗೆ, ಉಸಿರಾಟ. ಹಾಳೆಯ ತುಂಬ ಹಸಿರು, ಹಳದಿ ಚೌಕಗಳು. ನಟ್ಟನಡುವೆ ಒಂದೇ ಒಂದು ಕೆಂಪು ಚೌಕ. ಸಂಜೆ ನಾಲ್ಕರಿಂದ ನಾಲ್ಕೂವರೆ: ‘ಏನೂ ಮಾಡಬಾರದು’. ಅದಕ್ಕೆ ಅಲಾರಾಂ ಬೇರೆ.

“ಏನೂ ಮಾಡದೆ ಇರೋಕೆ ಅಲಾರಾಂ ಯಾಕೋ ಮಾರಾಯ?”

“ಮುಗೀತು ಅಂತ ಗೊತ್ತಾಗಬೇಕಲ್ವಾ? ಇಲ್ಲಾಂದ್ರೆ ಅಭ್ಯಾಸ ಆಗಿಬಿಡುತ್ತೆ.”

ಒಳಗಿನಿಂದ ಅವನ ಹೆಂಡತಿಯ ದನಿ ಬಂತು: “ರೀ, ನಿಮ್ಮ ರೆಸ್ಟ್ ಎಲ್ಲ ಮುಗಿದ ಮೇಲೆ ಸ್ವಲ್ಪ ಮಲಗಿಕೊಳ್ಳಿ.”

ತಮಾಷೆಯೆಂದರೆ ಇದರ ಹಿಂದಿರುವ ವಿಜ್ಞಾನದಲ್ಲಿ ತಪ್ಪೇನಿಲ್ಲ. ಭಾರ ಎತ್ತುವ ಹೊತ್ತಿನಲ್ಲಿ ದೇಹ ದಣಿಯುತ್ತದಷ್ಟೇ. ಬಲ ಬರುವುದು ಆಮೇಲೆ, ಊಟ ನಿದ್ದೆಗಳ ನಡುವೆ. ಒತ್ತಡ ಬಿಡದೆ ಮುಂದುವರಿದರೆ ದೇಹ ಮೊದಲು ಬೆದರಿ, ಆಮೇಲೆ ಒಗ್ಗಿ, ಕೊನೆಗೆ ಬಸವಳಿಯುತ್ತದೆ ಎಂದು ವಿಜ್ಞಾನಿ ಹ್ಯಾನ್ಸ್ ಸೆಲ್ಯೆ 1936ರಷ್ಟು ಹಿಂದೆಯೇ ವಿವರಿಸಲು ತೊಡಗಿದ್ದರು. 1960ರ ದಶಕದಲ್ಲಿ ಸೋವಿಯತ್ ಒಕ್ಕೂಟದ ಕ್ರೀಡಾ ವಿಜ್ಞಾನಿ ಲೆವ್ ಮಾತ್ವೆಯೆವ್ ಕ್ರೀಡಾಪಟುಗಳ ವರ್ಷವನ್ನೇ ಭಾರದ ಕಾಲ, ಹಗುರದ ಕಾಲ ಎಂದು ಭಾಗ ಮಾಡಿಕೊಟ್ಟರು. ಕೆಲವು ವಾರ ಬೆವರಿಳಿಸಿದ ಮೇಲೆ ಒಂದು ವಾರ ಸೆಟ್ಟುಗಳನ್ನೋ ತೂಕವನ್ನೋ ಅರ್ಧದಷ್ಟಕ್ಕೆ ಇಳಿಸುವುದು, ಡಿಲೋಡ್ ಎಂದರೆ ಇಷ್ಟೇ. ಪೂರ್ತಿ ಬಿಟ್ಟರೂ ಎರಡು ವಾರದಲ್ಲಿ ತೋಳಿನ ಬಲ ಎಲ್ಲಿಗೂ ಓಡಿಹೋಗುವುದಿಲ್ಲ. ಓಟದ ದಮ್ಮು ತುಸು ಬೇಗ ಇಳಿಯುತ್ತದೆ, ಮತ್ತೆ ಓಡಿದರೆ ವಾಪಸು ಬರುತ್ತದೆ. ಒಳ್ಳೆಯ ಕೋಚ್ ಇದನ್ನು ಶೂ ಲೇಸು ಕಟ್ಟಿಕೊಳ್ಳುತ್ತಲೇ ಹೇಳಿ ಮುಗಿಸಬಲ್ಲ. ಆದರೆ ಹಾಗೆ ಹೇಳಿ ಮುಗಿಸಿದರೆ ಅದನ್ನು ಮಾಸಿಕ ಚಂದಾಕ್ಕೆ ಮಾರುವುದು ಹೇಗೆ?

(ಪೂರ್ವನಿಯೋಜಿತ ವಿಶ್ರಾಂತಿಯ ಮೂಲಪುರುಷ ಕುಂಭಕರ್ಣ ಎಂಬುದು ನನ್ನ ಖಚಿತ ಅಭಿಪ್ರಾಯ. ಆರು ತಿಂಗಳು ರಿಕವರಿ, ಒಂದು ದಿನ ರೀಫೀಡ್, ಅಂದರೆ ಹೊಟ್ಟೆ ಬಿರಿಯ ಊಟ. ಅವಧಿಗೆ ಮೊದಲೇ ಬಡಿದೆಬ್ಬಿಸಿ ನೇರ ಯುದ್ಧಕ್ಕೆ ಕಳುಹಿಸಿದರು. ಪರಿಣಾಮ ಎಲ್ಲರಿಗೂ ಗೊತ್ತು.)

ಕೈಗಡಿಯಾರಗಳ ಕಥೆ ಇನ್ನೂ ಸೊಗಸು. ಆಪಲ್ ವಾಚ್ ಮಾರುಕಟ್ಟೆಗೆ ಬಂದದ್ದು 2015ರಲ್ಲಿ. ದಿನವೂ ಅದರ ಮೂರು ಬಣ್ಣದ ಉಂಗುರಗಳನ್ನು ಪೂರ್ತಿ ಮಾಡಬೇಕು, ಒಂದು ದಿನ ತಪ್ಪಿದರೆ ಸ್ಟ್ರೀಕ್, ಅಂದರೆ ಸತತ ದಿನಗಳ ಲೆಕ್ಕ, ಕಡಿಯಿತು. ಆ ಉಂಗುರಗಳಿಗೆ ‘ಇವತ್ತು ರಜೆ’ ಎಂದು ಹೇಳುವ ಸೌಲಭ್ಯ ಸಿಕ್ಕಿದ್ದು 2024ರಲ್ಲಿ, ಅದರ ತಂತ್ರಾಂಶ ವಾಚ್‌ಒಎಸ್ 11ರ ಜೊತೆಗೆ. ನಡುವಿನ ಒಂಬತ್ತು ವರ್ಷ ಮನುಕುಲಕ್ಕೆ ಜ್ವರ ಬರಲಿಲ್ಲ, ಕಾಲು ಉಳುಕಲಿಲ್ಲ, ಹೆರಿಗೆಯಾಗಲಿಲ್ಲ ಎಂದು ತಿಳಿದುಕೊಳ್ಳೋಣ. ಈಗ 90 ದಿನಗಳವರೆಗೂ ಬಿಡುವು ಪಡೆಯಬಹುದು, ಸ್ಟ್ರೀಕ್ ಹಾಗೇ ಇರುತ್ತದೆ. ಇಷ್ಟು ಉದಾರವಾದ ರಜಾ ನಿಯಮ ಎಷ್ಟು ಕಚೇರಿಗಳಲ್ಲಿದೆ? ಆದರೂ ಆ ಗುಂಡಿ ಒತ್ತಲು ಜನರಿಗೆ ಕೈ ಬಾರದು. ಹೊದಿಕೆ ಹೊದ್ದು ನಡುಗುತ್ತ ಮಲಗಿದ್ದರೂ ಗಡಿಯಾರ ಕಟ್ಟಿದ ಕೈಯನ್ನು ಮಾತ್ರ ಆಚೆ ಚಾಚಿ, ಹೋಗುವ ರೈಲಿಗೆ ಟಾಟಾ ಮಾಡುವ ಹಾಗೆ ಬೀಸುವವರಿದ್ದಾರೆ. ಹೆಜ್ಜೆ ಲೆಕ್ಕಕ್ಕೆ ಸೇರಬೇಕಲ್ಲ!

ಇನ್ನು ಡಯಟ್ ಬ್ರೇಕ್. ಇಲ್ಲೂ ಮೂಲದಲ್ಲಿ ಹುರುಳಿದೆ. ಟ್ಯಾಸ್ಮೇನಿಯಾ ವಿಶ್ವವಿದ್ಯಾಲಯದ ಸಂಶೋಧಕರ ನೇತೃತ್ವದ, 2017ರಲ್ಲಿ ಪ್ರಕಟವಾದ ‘ಮ್ಯಾಟಡೋರ್’ ಅಧ್ಯಯನಕ್ಕೆ ಬೊಜ್ಜಿದ್ದ 51 ಗಂಡಸರನ್ನು ಆರಿಸಿಕೊಂಡಿದ್ದರು. ಒಂದು ಗುಂಪು 16 ವಾರ ಎಡೆಬಿಡದೆ ಡಯಟ್ ಮಾಡಿತು. ಇನ್ನೊಂದು ಗುಂಪು ಎರಡು ವಾರ ಡಯಟ್, ಎರಡು ವಾರ ಬಿಡುವು ಎನ್ನುತ್ತ ಅದೇ 16 ವಾರದ ಡಯಟನ್ನು 30 ವಾರಕ್ಕೆ ಹರಡಿಕೊಂಡಿತು. ಬಿಡುವು ತೆಗೆದುಕೊಂಡವರು ಸರಾಸರಿ 14 ಕಿಲೋ ಇಳಿದರು, ಬಿಡದೆ ಮಾಡಿದವರು 9 ಕಿಲೋ.

ಸುದ್ದಿ ಹಬ್ಬಿತು. ಹಬ್ಬುತ್ತ ಹಬ್ಬುತ್ತ ಅದರಿಂದ ಒಂದು ಸಣ್ಣ ವಿವರ ಉದುರಿಹೋಯಿತು. ಬಿಡುವಿನ ಎರಡು ವಾರವೂ ಅವರು ತಿಂದದ್ದು ಲೆಕ್ಕ ಹಾಕಿಯೇ, ತೂಕ ಏರದೆ ಇಳಿಯದೆ ನಿಲ್ಲುವಷ್ಟು ಮಾತ್ರ. ನಮ್ಮ ಓದುಗ ಮಹಾಶಯರು ಅದನ್ನು ‘ಎರಡು ವಾರ ಹೇಳೋರಿಲ್ಲ ಕೇಳೋರಿಲ್ಲ’ ಎಂದು ಓದಿಕೊಂಡರು. ಅದಾಗಲೇ ವ್ಯಾಯಾಮದಲ್ಲಿ ಪಳಗಿದವರ ಮೇಲೆ ನಡೆದು 2021ರಲ್ಲಿ ಪ್ರಕಟವಾದ ಇನ್ನೊಂದು ಅಧ್ಯಯನದಲ್ಲಿ, ಬಿಡುವು ತೆಗೆದುಕೊಂಡವರಿಗೆ ಕೊಬ್ಬು ಹೆಚ್ಚೇನೂ ಕರಗಲಿಲ್ಲ. ಹಸಿವಿನ ಕಾಟ ಕಡಿಮೆಯಾಯಿತು, ಅಷ್ಟೇ. ನನ್ನ ಪ್ರಕಾರ ಇದೇ ದೊಡ್ಡ ವಿಷಯ. ಹಸಿದವನ ಜೊತೆ ಸಂಸಾರ ಮಾಡಿದ ಯಾರನ್ನಾದರೂ ಕೇಳಿ ನೋಡಿ. ಆದರೆ ‘ಸಿಡುಕು ಕಡಿಮೆಯಾಗುತ್ತದೆ’ ಎಂದು ಜಾಹೀರಾತು ಕೊಟ್ಟರೆ ಯಾರು ಕಾಸು ಬಿಚ್ಚುತ್ತಾರೆ?

ಬಿಡುವಿನ ಮೂರನೇ ಬೆಳಗ್ಗೆ ತೂಕದ ಯಂತ್ರದ ಮುಂದೆ ನಡೆಯುವುದನ್ನು ನೋಡಬೇಕು. ಮೊದಲು ಚಪ್ಪಲಿ ಕಳಚುತ್ತದೆ, ಆಮೇಲೆ ಗಡಿಯಾರ, ಉಂಗುರ, ಕನ್ನಡಕ. ಉಸಿರು ಪೂರ್ತಿ ಹೊರಗೆ ಬಿಟ್ಟು ಹತ್ತುತ್ತಾರೆ. ಕನ್ನಡಕವಿಲ್ಲದೆ ಅಂಕಿ ಕಾಣುವುದಿಲ್ಲ, ಹಾಕಿಕೊಂಡರೆ ತೂಕ ಹೆಚ್ಚುತ್ತದೆ. ಕೊನೆಗೆ ಮಗಳನ್ನು ಕರೆದು ಓದಿಸುತ್ತಾರೆ. ಒಂದೂವರೆ ಕಿಲೋ ಜಾಸ್ತಿ! ಮನೆಯಲ್ಲಿ ಸೂತಕದ ಕಳೆ. ಅಸಲಿಗೆ ಅದು ಬಹುಪಾಲು ನೀರು. ಡಯಟ್ಟಿನಲ್ಲಿ ಬರಿದಾಗಿದ್ದ ಗ್ಲೈಕೋಜನ್, ಅಂದರೆ ದೇಹ ಕೂಡಿಟ್ಟುಕೊಳ್ಳುವ ಸಕ್ಕರೆ, ಮತ್ತೆ ತುಂಬಿಕೊಳ್ಳುವಾಗ ಪ್ರತಿ ಗ್ರಾಮೂ ಸುಮಾರು ಮೂರು ಗ್ರಾಂ ನೀರನ್ನು ಜೊತೆಗೆ ಕರೆತರುತ್ತದೆ. ಒಂದು ಕಿಲೋ ಕೊಬ್ಬು ಸೇರಬೇಕಾದರೆ ಖರ್ಚಿಗಿಂತ ಸುಮಾರು 7,700 ಕ್ಯಾಲರಿ ಹೆಚ್ಚಿಗೆ ತಿಂದಿರಬೇಕು. ಎರಡು ದಿನದಲ್ಲಿ ಅಷ್ಟನ್ನು ಏರಿಸಿಕೊಳ್ಳಬೇಕಾದರೆ ಊಟಕ್ಕೂ ಒಬ್ಬ ಕೋಚ್ ಬೇಕಾದೀತು. ಇದನ್ನೆಲ್ಲ ವಿವರಿಸಿ ಹೇಳುವಷ್ಟರಲ್ಲಿ ಅವರು ಬಿಡುವನ್ನು ರದ್ದುಪಡಿಸಿ, ಪ್ರಾಯಶ್ಚಿತ್ತಕ್ಕೆಂದು ಮೆಟ್ಟಿಲು ಹತ್ತಲು ಹೊರಟಾಗಿತ್ತು.

ದಣಿವಾರಿಸಿಕೊಳ್ಳುವ ಸರಂಜಾಮಿನ ಸಂತೆಯನ್ನಂತೂ ಕೇಳಬೇಡಿ. ಐಸ್ ತುಂಬಿದ ತೊಟ್ಟಿಯಲ್ಲಿ ಕುತ್ತಿಗೆಯವರೆಗೆ ಮುಳುಗಿ, ಹಲ್ಲು ಕಟಕಟಿಸುತ್ತ, ಮುಖದಲ್ಲಿ ಮಾತ್ರ ಋಷಿಯ ಕಳೆ ತಂದುಕೊಂಡು ಫೋಟೋ ತೆಗೆಸಿಕೊಳ್ಳುವವರಿದ್ದಾರೆ. ಭಾರ ಎತ್ತಿದ ಬೆನ್ನಿಗೇ ದಿನಚರಿಯಾಗಿ ತಣ್ಣೀರಿಗೆ ಇಳಿದರೆ ಸ್ನಾಯು ಬೆಳೆಯುವುದೇ ಕಡಿಮೆಯಾಗುತ್ತದೆ ಎಂದು 2015ರಲ್ಲೇ ಪ್ರಯೋಗ ಮಾಡಿ ತೋರಿಸಿದ್ದಾರೆ. ಬೆವರು ಸುರಿಸಿ ಗಳಿಸಿದ್ದನ್ನು ನಡುಗಿ ಕಳೆದುಕೊಳ್ಳುವ ಯೋಗ. ನಿದ್ದೆಗೂ ಈಗ ಅಂಕ ಬಂದಿದೆ. ಚೆನ್ನಾಗಿ ನಿದ್ದೆ ಮಾಡಿ ಎದ್ದವನು ಫೋನ್ ನೋಡಿ ‘62’ ಎಂದು ಕಂಡ ಕೂಡಲೇ ಆಕಳಿಸಲು ಶುರು ಮಾಡುತ್ತಾನೆ. ಅಂಕದ ಚಿಂತೆಯಲ್ಲಿ ನಿದ್ದೆಗೆಡುವ ಈ ಅವಸ್ಥೆಗೆ ಸಂಶೋಧಕರು 2017ರಲ್ಲಿ ‘ಆರ್ಥೋಸೋಮ್ನಿಯಾ’ ಎಂದು ನಾಮಕರಣವನ್ನೂ ಮಾಡಿದ್ದಾರೆ.

ವಯಸ್ಕರಿಗೆ ವಾರಕ್ಕೆ 150ರಿಂದ 300 ನಿಮಿಷ ಮಧ್ಯಮ ಶ್ರಮದ ವ್ಯಾಯಾಮ, ಅದರ ಜೊತೆ ಎರಡು ದಿನ ಸ್ನಾಯುಗಳಿಗೆ ಕಸರತ್ತು, ಇದು ವಿಶ್ವ ಆರೋಗ್ಯ ಸಂಸ್ಥೆ 2020ರಲ್ಲಿ ಕೊಟ್ಟ ಸಲಹೆ. ವಾರವೊಂದಕ್ಕೆ 10,080 ನಿಮಿಷ. ಕಸರತ್ತನ್ನು ಆಚೆಗಿಟ್ಟು 150 ಕಳೆದರೆ ಉಳಿಯುವುದು 9,930. ಇಷ್ಟು ನಿಮಿಷ ಮನುಷ್ಯ ಸುಮ್ಮನಿದ್ದರೆ ಯಾವ ಸಂಸ್ಥೆಯ ತಕರಾರೂ ಇಲ್ಲ, ಅದಕ್ಕೆ ಕೋಚ್ ಬೇಡ, ಕೆಂಪು ಚೌಕ ಬೇಡ ಎಂದು ಗೆಳೆಯನಿಗೆ ಸಮಾಧಾನ ಹೇಳಲು ಹೋದೆ. ಅವನು ಫೋನಿನಲ್ಲಿ ಏನೋ ಕೂಡಿ ಕಳೆದು ಮುಖ ಸಣ್ಣ ಮಾಡಿಕೊಂಡ.

“ಹಾಗಾದ್ರೆ ಹೋದ ವಾರ ನಾನು 300 ನಿಮಿಷ ಹಿಂದೆ ಬಿದ್ದಿದೀನಿ.”

ಪಕ್ಕದಲ್ಲಿ ಅವನ ದೊಡ್ಡಪ್ಪ ಆರಾಮಕುರ್ಚಿಯಲ್ಲಿ ಕಣ್ಣು ಮುಚ್ಚಿ ಒರಗಿದ್ದರು. ಜೀವಮಾನದಲ್ಲಿ ಬಸ್ಸು ತಪ್ಪಿಹೋಗುವಾಗಲೂ ಓಡಿದವರಲ್ಲ. ಕಣ್ಣು ತೆರೆಯದೆಯೇ ಹೇಳಿದರು:

“ನನ್ನ ಹತ್ರ ವಾರಕ್ಕೆ 150 ನಿಮಿಷ ಹೆಚ್ಚಿಗೆ ಉಳಿಯುತ್ತೆ ಕಣೋ. ಬೇಕಿದ್ರೆ ಬರ್ಕೋ.”