ಕಾಟಾದ ಮೇಲೆ ಕಾರು

"ಇದೇನ್ ಗಾಡಿನೋ ತಮ್ಮಾ? ಮ್ಯಾಲ ಛತ್ತಿಲ್ಲ, ಬಾಜು ಬಾಗಿಲಿಲ್ಲ. ನಮ್ಮ ಟಂಟಂಕ್ಕರೆ ಎರಡೂ ಕಡಿ ಪರದಾ ಇರ್ತದ. ಆವರೇಜ್ ಎಷ್ಟ ಕೊಡ್ತದ?"

ಇಂಗ್ಲೆಂಡಿನ ನಾರ್ಫೋಕ್‌ನಿಂದ ಕಲಬುರಗಿಯ ಮನೆ ಗ್ರೂಪಿಗೆ ಕಳಿಸಿದ ಒಂದು ಕೇಟರ್‌ಹ್ಯಾಮ್ ಸೆವೆನ್ (ಇಬ್ಬರಷ್ಟೇ ಕೂರುವ ಪುಟ್ಟ ತೆರೆದ ಸ್ಪೋರ್ಟ್ಸ್ ಕಾರು) ಫೋಟೋಗೆ ಕಾಕಾನಿಂದ ಬಂದ ಉತ್ತರ ಇಷ್ಟೇ. ಟಂಟಂ ಅಂದರೆ ನಮ್ಮೂರಿನ ಮೂರು ಗಾಲಿಯ ಬಾಡಿಗೆ ಗಾಡಿ. ಅದರ ಬೆನ್ನಿಗೇ ಹೈದರಾಬಾದ್ ಔಟರ್ ರಿಂಗ್ ರೋಡಿನ ಲ್ಯಾಂಬೋರ್ಗಿನಿ ರೀಲ್ಸ್ ಒಂದು ಬಿತ್ತು, ಕೆಳಗೆ "ಗಾಡಿ ಅಂದ್ರ ಇದು" ಎಂಬ ಷರಾ. ಸಾವಿರ ಕುದುರೆಶಕ್ತಿ ಅಂದಮೇಲೆ ಊರಿನ ಮಟ್ಟಿಗೆ ಮಾತು ಮುಗಿದಂತೆ. ನನ್ನ ತಕರಾರು ಶುರುವಾಗುವುದೇ ಅಲ್ಲಿಂದ.

ನಮ್ಮಲ್ಲಿ ತೂಕ ಅಂದರೆ ಘನತೆ. ಮರ್ಯಾದಸ್ಥನನ್ನು ತೂಕದ ಮನುಷ್ಯ ಅನ್ನುತ್ತೇವೆ, ಸಿಟ್ಟು ಬಂದರೆ "ಹಗುರಾಗಿ ಮಾತಾಡಬ್ಯಾಡ" ಎಂದು ಗದರುತ್ತೇವೆ. ಶೋರೂಮಿಗೆ ಕಾರು ನೋಡಲು ಹೋದವರು ಮೊದಲು ಬಾಗಿಲು ತೆರೆದು ಮುಚ್ಚಿ ನೋಡುತ್ತಾರೆ. ಧಪ್ ಅಂದರೆ ಗಟ್ಟಿ ಗಾಡಿ, ಠಣ್ ಅಂದರೆ ಡಬ್ಬಿ. ಹಿಂದಿನವರಿಗೆ ಸವಾರಿ ಬಂಡಿಗೂ ಹೇರಿನ ಬಂಡಿಗೂ ಇರುವ ಅಂತರ ಗೊತ್ತಿತ್ತು. ಈಗಿನವರಿಗೆ ಎಲ್ಲವೂ ಹೇರಿನ ಬಂಡಿಯಾಗಿಯೇ ಬೇಕು.

ಇಲ್ಲಿ ನಾರಿಚ್ ಹತ್ತಿರದ ಹೆಥೆಲ್‌ನಲ್ಲಿ, ಯುದ್ಧಕಾಲದ ಹಳೆಯ ವಿಮಾನ ನೆಲೆಯೊಂದರ ಜಾಗದಲ್ಲಿ, 1966ರಿಂದ ಲೋಟಸ್ ಕಾರ್ಖಾನೆ ಇದೆ. 'ಸರಳ ಮಾಡು, ಆಮೇಲೆ ಹಗುರತನ ಸೇರಿಸು' ಎಂಬ ಮಾತು ಅದನ್ನು ಕಟ್ಟಿದ ಕಾಲಿನ್ ಚಾಪ್‌ಮನ್ ಹೆಸರಿನಲ್ಲಿ ಓಡಾಡುತ್ತದೆ. ಹಗುರತನ ಎಂಬುದು ಸೇರಿಸುವ ವಸ್ತು! ಇದು ತಲೆಗೆ ಹತ್ತಿದವರಿಗೇ ಇಲ್ಲಿನ ಹುಚ್ಚು ಅರ್ಥವಾಗುವುದು. 1957ರಲ್ಲಿ ಬಂದ ಲೋಟಸ್ ಸೆವೆನ್‌ನ ಹಕ್ಕನ್ನು 1973ರಲ್ಲಿ ಕೇಟರ್‌ಹ್ಯಾಮ್‌ನವರು ಪಡೆದು ಇವತ್ತಿಗೂ ಅದೇ ಆಕಾರದಲ್ಲಿ ಮಾಡುತ್ತಿದ್ದಾರೆ. 1996ರ ಲೋಟಸ್ ಎಲಿಸ್ ಇನ್ನೂ ದೊಡ್ಡ ಮಾತು. ಇಡೀ ಕಾರು ಸುಮಾರು 725 ಕೆಜಿ. ಅಚ್ಚಿನ ಮೂಲಕ ಒತ್ತಿ ತೆಗೆದ ಅಲ್ಯೂಮಿನಿಯಂ ಪಟ್ಟಿಗಳನ್ನು ಎಪಾಕ್ಸಿ ಅಂಟಿನಿಂದ ಕೂಡಿಸಿದ ಅದರ ಚಾಸಿ, ಅಂದರೆ ಇಡೀ ಗಾಡಿ ಹೊರುವ ಚೌಕಟ್ಟು, ಬರೀ 68 ಕೆಜಿ. ಒಂದು ಕ್ವಿಂಟಲ್ ತೊಗರಿ ಚೀಲಕ್ಕಿಂತ ಕಡಿಮೆ. ಪವರ್ ಸ್ಟೀರಿಂಗ್ ಇಲ್ಲ, ಬ್ರೇಕಿಗೆ ಕಾಲಿನ ಒತ್ತಡ ಹೆಚ್ಚಿಸುವ ಸರ್ವೋ ಇಲ್ಲ, ಕಾಲಡಿಗೆ ಬರಿ ಅಲ್ಯೂಮಿನಿಯಂ. ನಡುವಿಗಿಟ್ಟ ರೋವರ್ ಕೆ-ಸಿರೀಸ್ 1.8 ಲೀಟರ್ ಇಂಜಿನ್ನಿನ ಶಕ್ತಿ 118 ಕುದುರೆ ಮಾತ್ರ. ಊರಿನ ಲೆಕ್ಕದಲ್ಲಿ ಇದು ಹೇಳಿಕೊಳ್ಳುವ ಸಂಖ್ಯೆಯೇ ಅಲ್ಲ.

ಆದರೆ ಬ್ರೇಕ್ ಒತ್ತಿದಾಗ ಲೆಕ್ಕ ಬೇರೆ. ಗಂಟೆಗೆ 160 ಕಿ.ಮೀ. ವೇಗದಿಂದ ಗಾಡಿ ನಿಲ್ಲಬೇಕಾದರೆ ಪ್ರತಿ ಕೆಜಿಗೆ ಹತ್ತಿರ ಹತ್ತಿರ 990 ಜೂಲ್ ಶಕ್ತಿ ಶಾಖವಾಗಿ ಹೋಗಬೇಕು. ಓಡಿಸುವವನೂ ಸೇರಿ 800 ಕೆಜಿಯ ಎಲಿಸ್‌ನಲ್ಲಿ ಅದು 0.8 ಮೆಗಾಜೂಲ್, 1,900 ಕೆಜಿ ಗಾಡಿಯಲ್ಲಿ 1.9. ಆ ಶಾಖಕ್ಕೆ ದೊಡ್ಡ ಡಿಸ್ಕ್ ಬೇಕು, ಡಿಸ್ಕಿಗೆ ದೊಡ್ಡ ವ್ಹೀಲ್, ವ್ಹೀಲಿಗೆ ಅಗಲ ಟೈರ್, ಇವನ್ನೆಲ್ಲ ಹೊರಲು ದಪ್ಪ ಸಸ್ಪೆನ್ಷನ್ ಆರ್ಮ್, ಎಳೆಯಲು ದೊಡ್ಡ ಇಂಜಿನ್, ಅದಕ್ಕೆ ದೊಡ್ಡ ರೇಡಿಯೇಟರ್, ದೊಡ್ಡ ಟ್ಯಾಂಕ್. ಸಾಲ ತೀರಿಸಲು ಸಾಲ ಮಾಡಿದ ಹಾಗೆ. ರೀಲ್ಸಿನ ಲ್ಯಾಂಬೋರ್ಗಿನಿ ರೆವುಯೆಲ್ಟೊಗೆ 1,015 ಕುದುರೆಶಕ್ತಿ ಇದೆ, ಒಪ್ಪೋಣ. ಎಣ್ಣೆ ನೀರು ಹಾಕುವ ಮೊದಲೇ ಅದು 1,772 ಕೆಜಿ ತೂಗುತ್ತದೆ. ತನ್ನ ಶಕ್ತಿಯ ಒಂದು ಪಾಲನ್ನು ತನ್ನನ್ನೇ ಹೊರಲು ಖರ್ಚು ಮಾಡುವ ಗಾಡಿ ಅದು.

ಸೂಪರ್‌ಕಾರ್ ಎಂದರೆಲ್ಲ ಹೀಗೆ ಎಂದು ಹೇಳುತ್ತಿಲ್ಲ. ಇಂಜಿನಿಯರ್ ಗೋರ್ಡನ್ ಮರ್ರೆ ರೂಪಿಸಿದ ಮೆಕ್‌ಲಾರೆನ್ ಎಫ್1 ನೋಡಿ. 6.1 ಲೀಟರಿನ ಬಿಎಂಡಬ್ಲ್ಯು ವಿ12 ಇಟ್ಟುಕೊಂಡೂ 1,138 ಕೆಜಿ. ಇಂಜಿನ್ ಕೋಣೆಗೆ ಚಿನ್ನದ ರೇಕು ಅಂಟಿಸಿದ್ದು ಸಿರಿವಂತಿಕೆಗೆ ಅಲ್ಲ, ಶಾಖವನ್ನು ವಾಪಸು ತಳ್ಳಲು ಅದು ಬಹಳ ಒಳ್ಳೆಯ ಲೋಹವೆಂದು. 1998ರಲ್ಲಿ ಅದು ಗಂಟೆಗೆ 386 ಕಿ.ಮೀ. ಮುಟ್ಟಿತು. ಅವರದೇ ಇನ್ನೊಂದು ಕಾರು ಟಿ.50 ನಿಮಿಷಕ್ಕೆ 12,100 ಸುತ್ತು ತಿರುಗುವ ವಿ12 ಹೊತ್ತೂ ಸಾವಿರ ಕೆಜಿಯೊಳಗಿದೆ, ಊರಲ್ಲಿ ಓಡುವ ಸ್ವಿಫ್ಟ್‌ನ ಆಸುಪಾಸು. ಹಣ ಇದ್ದವರೂ ಹಗುರಾಗಬಹುದು, ಮನಸ್ಸಿದ್ದರೆ.

ಇನ್ನು ಕಾಟಾ. ಕಲಬುರಗಿಯಲ್ಲಿ ಕಾಟಾ ಅಂದರೆ ತೊಗರಿ ಎಷ್ಟು ಬಂತು ಎಂದು ನೋಡುವ ಸಾಧನ. ಮುಳ್ಳು ಮೇಲೆ ಹೋದಷ್ಟೂ ರೈತನ ಮುಖ ಅರಳುತ್ತದೆ. ಇಲ್ಲಿಯ ಹವ್ಯಾಸಿಗಳೂ ಕಾಟಾ ಇಟ್ಟುಕೊಂಡಿರುತ್ತಾರೆ, ಗಾಲಿಗೊಂದರಂತೆ ನಾಲ್ಕು. ನೋಡುವುದು ಮಾತ್ರ ಉಲ್ಟಾ: ಎಷ್ಟು ಇಳಿಯಿತು, ಇಳಿದು ಉಳಿದದ್ದು ನಾಲ್ಕು ಮೂಲೆಗೆ ಹೇಗೆ ಹಂಚಿಕೆಯಾಯಿತು. ಇದಕ್ಕೆ ಕಾರ್ನರ್ ವೇಟ್ ಎನ್ನುತ್ತಾರೆ. ನೆಲ ಮಟ್ಟ ಇರಬೇಕು. ನಾಲ್ಕು ಕಾಟಾಗಳ ಮಟ್ಟದಲ್ಲಿ ಕೆಲವೇ ಮಿಲಿಮೀಟರ್ ಹೆಚ್ಚುಕಡಿಮೆಯಾದರೂ ಓದು ಕೆಡುತ್ತದೆ. ಮೊದಲು ಟೈರ್ ಗಾಳಿ (ಎರಡನೇ ಪೀಳಿಗೆಯ ಎಲಿಸ್‌ಗೆ ತಣ್ಣಗಿರುವಾಗ ಮುಂದೆ 26, ಹಿಂದೆ 29 ಪಿಎಸ್‌ಐ), ಟ್ಯಾಂಕು ಅರ್ಧ, ಸೀಟಿನಲ್ಲಿ ಓಡಿಸುವವನ ತೂಕದಷ್ಟು ಮರಳಿನ ಚೀಲ. ಎಡ ಬಲ ಗಾಲಿಗಳನ್ನು ಜೋಡಿಸಿ ಗಾಡಿ ವಾಲದಂತೆ ತಡೆಯುವ ಆಂಟಿರೋಲ್ ಬಾರ್‌ನ ಒಂದು ತುದಿ ಬಿಚ್ಚಬೇಕು, ಇಲ್ಲದಿದ್ದರೆ ಅದೇ ಒಂದು ಮೂಲೆಯನ್ನು ಒತ್ತಿ ಸುಳ್ಳು ತೂಕ ತೋರಿಸುತ್ತದೆ. ಆಮೇಲೆ ಕರ್ಣಕ್ಕೆ ಕರ್ಣ ಕೂಡಿಸುವುದು. ಒಟ್ಟು 800ರಲ್ಲಿ ಬಲ ಮುಂದು, ಎಡ ಹಿಂದು ಸೇರಿ 408 ಬಂದರೆ ಶೇಕಡಾ 51. ಗಾಡಿ ಒಂದು ಕಡೆ ಚುರುಕಾಗಿ ತಿರುಗಿ, ಇನ್ನೊಂದು ಕಡೆ ಮೊಂಡು ಹಿಡಿಯುತ್ತದೆ. ಆ ಎರಡು ಮೂಲೆಯ ಸ್ಪ್ರಿಂಗ್ ತಟ್ಟೆಯನ್ನು ಸ್ವಲ್ಪ ಇಳಿಸಿ, ಉಳಿದೆರಡನ್ನು ಅಷ್ಟೇ ಏರಿಸಬೇಕು. ಒಂದೇ ಮೂಲೆ ತಿರುಗಿಸುತ್ತ ಕೂತರೆ ಎತ್ತರ ಕೆಡುತ್ತದೆ, ಎತ್ತರದ ಹಿಂದೆ ಕ್ಯಾಂಬರ್ (ಗಾಲಿಯ ವಾಲು), ಟೋ (ಗಾಲಿ ಮುಖ ಮಾಡಿದ ದಿಕ್ಕು) ಎಲ್ಲ ಕೆಡುತ್ತವೆ. ಪ್ರತಿ ಸಲ ಗಾಡಿಯನ್ನು ಒಂದೆರಡು ಗಜ ಹಿಂದೆ ಮುಂದೆ ಉರುಳಿಸಿ, ಸ್ಪ್ರಿಂಗ್ ಕೂತಮೇಲೆ ಮತ್ತೆ ಓದಬೇಕು. ಒಂದು ಭಾನುವಾರ ಹೀಗೇ ಹೋಗುತ್ತದೆ.

ನಮ್ಮಲ್ಲಿ? ಅಲೈನ್ಮೆಂಟ್ ಮಾಡಿಸಿದರೆ ಅದೇ ದೊಡ್ಡದು. ಹಿಂದಿನ ಸೀಟಿನಲ್ಲಿ ಇಬ್ಬರು, ಡಿಕ್ಕಿಯಲ್ಲಿ ಜ್ವಾಳದ ಚೀಲ, ಗಾಳಿ "ನಾಕಕ್ಕೂ ಮೂವತ್ತೈದು ಹಾಕ್ರಿ". ಗಾಲಿಯ ನಟ್ಟನ್ನು ಪಾನಾದ ಮೇಲೆ ಕಾಲಿಟ್ಟು ಬಿಗಿಯುವುದು ಇನ್ನೊಂದು. ಎಲಿಸ್‌ನ ಗಾಲಿ ಬೋಲ್ಟಿಗೆ 105 ನ್ಯೂಟನ್ ಮೀಟರ್ ಎಂದು ಬರೆದಿದ್ದರೆ ಇಲ್ಲಿಯವನು ಟಾರ್ಕ್ ಪಾನಾ ಕ್ಲಿಕ್ ಅನ್ನುವವರೆಗೆ ಎಳೆದು ಕೈ ಬಿಡುತ್ತಾನೆ. ಊರಿನ ಮಿಸ್ತ್ರಿ ಆ ಕ್ಲಿಕ್ ಮೇಲೆ ಇನ್ನೊಂದು ಜೀಕು ಜೀಕುತ್ತಾನೆ, ಭರವಸೆಗೆ. ಉಕ್ಕಿನ ಬೋಲ್ಟು ಅಲ್ಯೂಮಿನಿಯಂನಲ್ಲಿ ಕೂರುವ ಕಡೆಯಲ್ಲೆಲ್ಲ ಆ ಒಂದು ಜೀಕಿಗೆ ಥ್ರೆಡ್ ಹೋಗಬಹುದು.

ಹಗುರ ಮಾಡಿದ್ದು ಕೈಕೊಡುವುದಿಲ್ಲವೇ? ಕೊಡುತ್ತದೆ, ಚೆನ್ನಾಗಿಯೇ ಕೊಡುತ್ತದೆ. ಮೊದಲ ಎಲಿಸ್‌ನ ಕೆ-ಸಿರೀಸ್ ಇಂಜಿನ್ ಹೆಡ್ ಪ್ಯಾಕಿಂಗ್ (ಇಂಜಿನ್ನಿನ ಮೇಲಿನ ಹೆಡ್ಡಿಗೂ ಕೆಳಗಿನ ಬ್ಲಾಕಿಗೂ ನಡುವಿನ ಗ್ಯಾಸ್ಕೆಟ್) ಹೋಗುವುದಕ್ಕೇ ಹೆಸರುವಾಸಿ. ಕಾರಣ ಹಗುರತನದಲ್ಲೇ ಇದೆ. ಅದರ ಹತ್ತು ಉದ್ದನೆಯ ಬೋಲ್ಟುಗಳು ಹೆಡ್ಡಿನಿಂದ ಬ್ಲಾಕ್ ದಾಟಿ, ಕ್ರ್ಯಾಂಕ್ ಹಿಡಿದಿಡುವ ಬೇರಿಂಗ್ ಲ್ಯಾಡರ್ ದಾಟಿ, ಅದರಡಿಯ ಆಯಿಲ್ ರೈಲ್‌ವರೆಗೆ ಇಳಿದು ಎಲ್ಲವನ್ನೂ ಒಂದು ರೊಟ್ಟಿ ಗಂಟಿನ ಹಾಗೆ ಬಿಗಿದಿಡುತ್ತವೆ. ಬ್ಲಾಕ್ ತೆಳು, ಪಿಸ್ಟನ್ ಆಡುವ ಕೊಳವೆಗಳಾದ ಲೈನರ್‌ಗಳು ನೀರಿನಲ್ಲಿ ನಿಂತವು, ಒಳಗಿರುವ ನೀರೂ ಕಡಿಮೆ. ನೀರು ಕಾದಾಗ ತೆರೆಯುವ ಕವಾಟ, ಅಂದರೆ ಥರ್ಮೋಸ್ಟಾಟ್, ಇರುವುದು ನೀರು ಇಂಜಿನ್ನಿಗೆ ಒಳಬರುವ ಬದಿಯಲ್ಲಿ. ರೇಡಿಯೇಟರ್ ಮೂತಿಯಲ್ಲಿ, ಇಂಜಿನ್ ಬೆನ್ನ ಹಿಂದೆ. ನಡುವಿನ ಉದ್ದ ಪೈಪಿನಲ್ಲಿ ನಿಂತ ತಣ್ಣೀರು ಥರ್ಮೋಸ್ಟಾಟ್ ತೆರೆದ ಕೂಡಲೇ ಕಾದ ಇಂಜಿನ್ನಿಗೆ ನುಗ್ಗುತ್ತದೆ. ಕಾದ ಹಂಚಿನ ಮೇಲೆ ನೀರು ಚೆಲ್ಲಿದಂತೆ. ಹೆಡ್ ಒಂದಿಷ್ಟು ಸರಿಯುತ್ತದೆ, ಅದನ್ನು ಜಾಗದಲ್ಲಿ ಹಿಡಿಯಬೇಕಾದ ಪ್ಲಾಸ್ಟಿಕ್ ಡೋವೆಲ್ (ಗೂಟ) ತಡೆಯುವುದಿಲ್ಲ, ಪ್ಯಾಕಿಂಗಿನ ರಬ್ಬರ್ ಗೆರೆ ಬಿಡುತ್ತದೆ.

ಮಾಡಬೇಕಾದ್ದು ಏನೆಂದು ಇಲ್ಲಿ ಹವ್ಯಾಸಿಗಳ ಬಾಯಲ್ಲೇ ಇದೆ: ಪದರ ಪದರದ ಉಕ್ಕಿನ ಪ್ಯಾಕಿಂಗ್, ಉಕ್ಕಿನ ಡೋವೆಲ್, ಇಂಜಿನ್ನಿನ ಹೊರಗೆ ಕೂರಿಸಿದ, ಒತ್ತಡಕ್ಕೂ ತೆರೆಯುವ ಥರ್ಮೋಸ್ಟಾಟ್. ಹೆಡ್ ತೆಗೆದಮೇಲೆ ಕ್ರ್ಯಾಂಕ್ ತಿರುಗಿಸಲೇಬಾರದು, ಲೈನರ್ ಎದ್ದುಬಿಟ್ಟರೆ ಕೆಳಗಿನ ಸೀಲು ಹೋಗುತ್ತದೆ. ಲೈನರ್‌ಗಳ ತುದಿ ಬ್ಲಾಕಿನ ಮುಖಕ್ಕಿಂತ ಕೂದಲೆಳೆ ಮೇಲಿರಬೇಕು. ಕುಸಿದಿದ್ದರೆ ಹೊಸ ಪ್ಯಾಕಿಂಗ್ ಹಾಕಿದರೂ ವ್ಯರ್ಥ. ಬೋಲ್ಟು ಬಿಗಿಯುವುದು ನಡುವಿನಿಂದ ಹೊರಕ್ಕೆ, ಮೊದಲು 20 ನ್ಯೂಟನ್ ಮೀಟರ್, ಆಮೇಲೆ ಪ್ರತಿಯೊಂದಕ್ಕೂ ಅರ್ಧ ಸುತ್ತು, ಮತ್ತೆ ಅರ್ಧ ಸುತ್ತು. ಕೊನೆಗೆ ನೀರು ತುಂಬಿಸುವಾಗ ಹೀಟರ್ ಪೂರ್ತಿ ಬಿಸಿಗಿಟ್ಟು, ರೇಡಿಯೇಟರಿನ ಬ್ಲೀಡ್ ಸ್ಕ್ರೂ ಸಡಿಲಿಸಿ ಗಾಳಿ ಹೊರಹಾಕುವ ತಾಳ್ಮೆ ಬೇಕು. ಏರ್ ಲಾಕ್ ಉಳಿದರೆ ಮೀಟರಿನ ಮುಳ್ಳು ಸುಮ್ಮನಿರುವಾಗಲೇ ಹೆಡ್ ಬೆಂದಿರುತ್ತದೆ. ಇಷ್ಟು ತಿಳಿದೂ ಜನ ಆ ಗಾಡಿ ಬಿಡುವುದಿಲ್ಲ. ನಮ್ಮಲ್ಲಾದರೆ ಒಂದು ಸಲ ಬಿಸಿಯಾದ ಗಾಡಿಗೆ ಆಯುಷ್ಯವಿಡೀ ಕೆಟ್ಟ ಹೆಸರು.

ಇಷ್ಟರವರೆಗೆ ಬೈದದ್ದಾಯಿತು. ಈಗ ಕೆಲವು ಮಾತು ಒಪ್ಪಿಕೊಳ್ಳಲೇಬೇಕು, ಮನಸ್ಸಿಲ್ಲದಿದ್ದರೂ.

ಎಲಿಸ್‌ನ ಹೊಟ್ಟೆ ನೆಲದಿಂದ 130 ಮಿ.ಮೀ. ಆಸುಪಾಸು ಮೇಲಿರುತ್ತದೆ. ಭಾರತದ ರಸ್ತೆ ನಿಯಮದ ಹಂಪ್ 100 ಮಿ.ಮೀ. ಎತ್ತರ, 3.7 ಮೀಟರ್ ಉದ್ದ. ಕಾಗದದ ಮೇಲೆ ದಾಟಬಹುದು. ಆದರೆ ಜೇವರ್ಗಿ ದಾರಿಯಲ್ಲೋ ಸೇಡಂ ದಾರಿಯಲ್ಲೋ ಊರಿನವರೇ ರಾತ್ರೋರಾತ್ರಿ ಕಟ್ಟಿದ ಮೊಳದುದ್ದದ ದಿಬ್ಬ ಯಾವ ನಿಯಮದ್ದು? ಅಂಟಿನ ಚಾಸಿ ಒಮ್ಮೆ ಸೊಟ್ಟಾದರೆ ಎಳೆದು ನೆಟ್ಟಗೆ ಮಾಡುವ ಹಾಗಿಲ್ಲ, ಬೆಸುಗೆ ಹಾಕಿದರೆ ಅಂಟೇ ಸುಡುತ್ತದೆ. ಮೇ ತಿಂಗಳ 43 ಡಿಗ್ರಿಯಲ್ಲಿ, ಎರೆಮಣ್ಣಿನ ಧೂಳು ಮೆತ್ತಿದ ರೇಡಿಯೇಟರ್ ಹೊತ್ತು ಆ ಕೆ-ಸಿರೀಸ್ ಕಲಬುರಗಿಯ ಸೂಪರ್ ಮಾರ್ಕೆಟ್ ಟ್ರಾಫಿಕ್ಕಿನಲ್ಲಿ ಎಷ್ಟು ಹೊತ್ತು ನಿಂತೀತು ಎಂದು ಕೇಳಿದರೆ ಉತ್ತರ ಕೊಡುವ ಧೈರ್ಯ ನನಗಿಲ್ಲ.

ಇಲ್ಲಿನ ಚಳಿಗಾಲದ ಉಪ್ಪು ಕೂಡ ಹೇಳಬೇಕು. ರಸ್ತೆಗೆ ಹಾಕುವ ಉಪ್ಪು ಸೆವೆನ್‌ನ ಉಕ್ಕಿನ ಕೊಳವೆ ಚೌಕಟ್ಟಿಗೂ ಅದರ ಮೇಲಿನ ಅಲ್ಯೂಮಿನಿಯಂ ತಗಡಿಗೂ ನಡುವೆ ಸೇರಿ ಕಣ್ಣಿಗೆ ಕಾಣದಂತೆ ತಿನ್ನುತ್ತದೆ. ಕಲಬುರಗಿಯ ಒಣ ಹವೆಯಲ್ಲಿ ಆ ಚೌಕಟ್ಟು ಬಹಳ ಕಾಲ ಬಾಳುತ್ತಿತ್ತು. ಇಲ್ಲಿ ಸ್ವಲ್ಪ ಬೆಂಡಾದ ಹೆಡ್ಡನ್ನು ಎಸೆದು ಹೊಸದು ತರಿಸುವುದೇ ಹೆಚ್ಚು. ನಮ್ಮ ಲೇತ್‌ನವನು ಸಂಜೆಯೊಳಗೆ ಫೇಸಿಂಗ್ ಮಾಡಿ, ಅಂದರೆ ಮುಖ ಸಮ ಮಾಡಿ ಕೊಡುತ್ತಾನೆ. ಮತ್ತೆ ಹಗುರತನದ ಧ್ವಜ ಹಿಡಿದ ಲೋಟಸ್ ಏನು ಮಾಡಿದೆ? 2021ಕ್ಕೆ ಎಲಿಸ್ ನಿಲ್ಲಿಸಿತು. 2023ರಲ್ಲಿ ಭಾರತಕ್ಕೆ ಬಂದಾಗ ತಂದದ್ದು ಎಲೆಟ್ರೆ: ಚೀನಾದ ವುಹಾನ್‌ನಲ್ಲಿ ತಯಾರಾಗುವ, ಎರಡೂವರೆ ಟನ್ ಹತ್ತಿರದ ಎಲೆಕ್ಟ್ರಿಕ್ ಎಸ್‌ಯುವಿ. ಬಾಗಿಲು ಹಾಕಿದರೆ ಖಂಡಿತ ಧಪ್ ಅನ್ನುತ್ತದೆ.

ನಿಜವಾಗಿ ನುಂಗಲಾಗದ ಸಂಗತಿ ಇನ್ನೊಂದಿದೆ. ಮಾರುತಿ 800 ತೂಗುತ್ತಿದ್ದದ್ದು ಸುಮಾರು 650 ಕೆಜಿ. ಎಲಿಸ್‌ಗಿಂತ ಹಗುರ! 796 ಸಿಸಿ, 12 ಇಂಚಿನ ಗಾಲಿ, ಪವರ್ ಸ್ಟೀರಿಂಗ್ ಇಲ್ಲದೆಯೂ ಒಂದೇ ಕೈಯಲ್ಲಿ ತಿರುಗುತ್ತಿತ್ತು. ಅದರ ನಾಲ್ಕು ಮೂಲೆಯಲ್ಲಿ ಹೊಸ ಬುಷ್, ಸರಿಯಾದ ಗಾಳಿ, ಎರಡು ವರ್ಷಕ್ಕೊಮ್ಮೆ ಬ್ರೇಕ್ ಆಯಿಲ್ (ನೀರು ಹೀರಿದ ಡಾಟ್ 4 ದರ್ಜೆಯ ಬ್ರೇಕ್ ಆಯಿಲ್ ಕುದಿಯುವ ಬಿಂದು 230ರಿಂದ 155 ಡಿಗ್ರಿಗೆ ಇಳಿಯುತ್ತದೆ) ಇದ್ದಿದ್ದರೆ, ಇಲ್ಲಿಯವರು ಇಷ್ಟು ಖರ್ಚು ಮಾಡಿ ಹುಡುಕುವ ರುಚಿಯ ಒಂದು ಚೂರು ಸಿಗುತ್ತಿತ್ತು. ನಾವು ಅದನ್ನು ಡಬ್ಬಿ ಎಂದು ಗುಜರಿಗೆ ಹಾಕಿದೆವು.

ಫೋಟೋದಲ್ಲಿದ್ದ ಸೆವೆನ್ 170ರ ವಿಷಯಕ್ಕೆ ಬಂದರೆ, ಅದರ 660 ಸಿಸಿ ಟರ್ಬೊ ಇಂಜಿನ್ ಸುಜುಕಿಯದು, ಹಿಂದಿನ ಆಕ್ಸಲ್ಲೂ ಸುಜುಕಿಯದೇ. ಮಾರುತಿ ಓಮ್ನಿಯ ಹಿಂದಿನ ಆಕ್ಸಲ್ಲಿನ ಗೇರು, ಕ್ರೌನ್ ಪಿನಿಯನ್ ಬಿಚ್ಚಿ ಜೋಡಿಸಿದ ಮಿಸ್ತ್ರಿಗೆ ಅದು ಅಪರಿಚಿತ ಅನ್ನಿಸದು. ಓಮ್ನಿಗೆ ಕಮಾನ್ ಪಾಟಾ, ಇದಕ್ಕೆ ಕಾಯಿಲ್ ಸ್ಪ್ರಿಂಗ್, ಅಷ್ಟು ಅಂತರ. 440 ಕೆಜಿ ಗಾಡಿಗೆ 84 ಕುದುರೆ. ಇಷ್ಟು ಹಗುರಾದದ್ದು ಆವರೇಜ್ ಕೊಡದಿರಲು ಕಾರಣವೇ ಇಲ್ಲ, ಹಾಗಾಗಿ ಕಾಕಾ ಕೇಳಿದ್ದು ಹಗುರತನದ ಪ್ರಶ್ನೆಯೇ. ಇನ್ನು ಪರದಾ. ಸೆವೆನ್‌ಗೂ ಎರಡೂ ಕಡೆ ಪರದಾ ಇರುತ್ತದೆ: ಚೌಕಟ್ಟಿಗೆ ಹೊದಿಸಿದ ರೆಕ್ಸಿನ್, ನಡುವೆ ಮೆತ್ತನೆ ಪ್ಲಾಸ್ಟಿಕ್ ಕಿಟಕಿ, ಎರಡು ಪಿನ್ನು ಎತ್ತಿದರೆ ಬಿಚ್ಚಿ ಬರುತ್ತದೆ. ಥೇಟ್ ಟಂಟಂನದೇ. ಫೋಟೋ ತೆಗೆಯುವಾಗ ಬಿಸಿಲಿತ್ತು, ಬಿಚ್ಚಿಟ್ಟಿದ್ದರು.