ಮಂಕಿ ಕ್ಯಾಪಿಗೆ ಬಗೆದ ದ್ರೋಹ

ಹಾಸನದಲ್ಲಿ ಹುಟ್ಟಿ ಬೆಳೆದವನಿಗೆ ಚಳಿಯ ವಿಷಯದಲ್ಲಿ ತುಸು ಜಂಬವಿರುವುದು ಸಹಜ. ‘ಬಡವರ ಊಟಿ’ ಎಂಬ ಬಿರುದು ಹೊತ್ತ ಊರಿನ ನಾನು, ಬೆಂಗಳೂರಿನ ಗೆಳೆಯರು ಡಿಸೆಂಬರಿನಲ್ಲಿ ಸ್ವೆಟರ್ ಹುಡುಕುವಾಗ ಅರೆತೋಳಿನ ಅಂಗಿಯಲ್ಲಿ ಓಡಾಡಿ ಅವರನ್ನು ಗೇಲಿ ಮಾಡುತ್ತಿದ್ದೆ. ಆ ಜಂಬವನ್ನು ಜೋಪಾನವಾಗಿ ಮಡಿಚಿಟ್ಟುಕೊಂಡೇ ಷಿಕಾಗೋಗೆ ಹೊರಟೆ. ಅಮ್ಮ ಪೆಟ್ಟಿಗೆಗೆ ತುರುಕಿದ್ದ ಕಂದು ಬಣ್ಣದ ಮಂಕಿ ಕ್ಯಾಪನ್ನು ಮಾತ್ರ, ತೂಕ ಹೆಚ್ಚಾಗುತ್ತದೆಂಬ ನೆಪ ಹೇಳಿ, ವಿಮಾನ ನಿಲ್ದಾಣದ ಬಾಗಿಲಲ್ಲೇ ತೆಗೆದು ಅವರ ಕೈಗೆ ಹಿಂತಿರುಗಿಸಿದೆ. ಅದೇ ಪೆಟ್ಟಿಗೆಯಲ್ಲಿ ಎರಡು ಕಿಲೋ ಚಟ್ನಿಪುಡಿ ಇತ್ತೆಂಬುದನ್ನು ಅಮ್ಮ ಇಂದಿಗೂ ಮರೆತಿಲ್ಲ.

ಬೆಂಗಳೂರಿನ ದಾಖಲೆಯ ಚಳಿಯೆಂದರೆ 1884ರ ಜನವರಿಯ 7.8 ಡಿಗ್ರಿ. ಆ ಉಷ್ಣಾಂಶಕ್ಕೆ ಷಿಕಾಗೋದವರು ಏಪ್ರಿಲ್‌ನಲ್ಲಿ ಚಡ್ಡಿ ಹಾಕಿಕೊಂಡು ಓಡಲು ಹೊರಡುತ್ತಾರೆ. ಜನವರಿಯ ಒಂದು ಬೆಳಿಗ್ಗೆ ನನ್ನ ಫೋನು ಮೈನಸ್ 18 ಎಂದು ತೋರಿಸಿ, ಕೆಳಗೆ ಸಣ್ಣ ಅಕ್ಷರದಲ್ಲಿ ‘ಮೈನಸ್ 28ರಂತೆ ಭಾಸವಾಗುತ್ತದೆ’ ಎಂದು ಸೇರಿಸಿತ್ತು. ಭಾಸವಾಗುವುದೆಲ್ಲ ಮಿಥ್ಯೆ ಎಂದು ಕೇಳಿಕೊಂಡು ಬೆಳೆದ ನಾನು ಎರಡನೆಯ ಸಂಖ್ಯೆಯನ್ನು ಲೆಕ್ಕಕ್ಕೇ ತೆಗೆದುಕೊಳ್ಳಲಿಲ್ಲ.

ಗಾಳಿಯು ಚಳಿಯನ್ನು ಹೆಚ್ಚಿಸುವುದಿಲ್ಲ, ನಮ್ಮ ಮೈ ತನ್ನ ಸುತ್ತ ಕಾಸಿಟ್ಟುಕೊಂಡಿರುವ ಬೆಚ್ಚನೆಯ ಗಾಳಿಯ ತೆಳು ಹೊದಿಕೆಯನ್ನು ಕಿತ್ತೊಯ್ಯುತ್ತದೆ ಎಂಬ ಸತ್ಯ ನನಗೆ ಗೊತ್ತಾದದ್ದು ಆಮೇಲೆ. ನಾವು ಕಾಫಿಯನ್ನು ಊದಿ ಆರಿಸಿದಂತೆ ಮಿಷಿಗನ್ ಸರೋವರದ ಕಡೆಯ ಗಾಳಿ ಮನುಷ್ಯರನ್ನು ಊದಿ ಆರಿಸುತ್ತದೆ. ಫೋನಿನ ಆ ಎರಡನೆಯ ಸಂಖ್ಯೆ ಗಾಳಿಯನ್ನೂ ಸೇರಿಸಿದ ಲೆಕ್ಕ. ಈ ಲೆಕ್ಕಕ್ಕೆ ಮೊದಲು ಕೈಹಾಕಿದ ಪಾಲ್ ಸೈಪಲ್ ಮತ್ತು ಚಾರ್ಲ್ಸ್ ಪ್ಯಾಸೆಲ್ ಎಂಬಿಬ್ಬರು ಅಂಟಾರ್ಕ್ಟಿಕಾದಲ್ಲಿ ನೀರು ತುಂಬಿದ ಪ್ಲಾಸ್ಟಿಕ್ ಕೊಳವೆಯನ್ನು ಗಾಳಿಗೆ ತೂಗುಹಾಕಿ, ಅದು ಹೆಪ್ಪುಗಟ್ಟಲು ಎಷ್ಟು ಹೊತ್ತು ಹಿಡಿಯುತ್ತದೆಂದು ಅಳೆದಿದ್ದರಂತೆ. ಆ ಬೆಳಿಗ್ಗೆ ಕೊಳವೆಯ ಜಾಗದಲ್ಲಿ ನಾನಿದ್ದೆ.

ಪದರ ಪದರವಾಗಿ ಬಟ್ಟೆ ಹಾಕಿಕೊಳ್ಳಬೇಕೆಂದು ಯಾರೋ ಹೇಳಿದ್ದರು. ಹಾಗಾಗಿ ಮೂರು ಬನಿಯನ್, ಅವುಗಳ ಮೇಲೆ ಎರಡು ಅಂಗಿ, ಎಲ್ಲವೂ ಅಪ್ಪಟ ಹತ್ತಿ, ಕೊನೆಗೊಂದು ಕೋಟು ತೊಟ್ಟೆ. ರೈಲು ತಪ್ಪೀತೆಂದು ಓಡಿದ್ದರಿಂದ ಬೆವರು ಬಂತು. ಬೆವರನ್ನು ಹತ್ತಿ ಹೀರಿತು. ಒದ್ದೆ ಬಟ್ಟೆ ಬೆನ್ನಿಗೆ ತಣ್ಣೀರುಪಟ್ಟಿಯಂತೆ ಅಂಟಿಕೊಂಡಿತು. ಇಷ್ಟಾದರೂ ರೈಲು ತಪ್ಪಿತು. ಮುಂದಿನದು ಯಾವಾಗ ಎಂದು ನೋಡಲು ಕೈಗವಸು ಕಳಚಿದರೆ, ಮನೆಯಲ್ಲಿ ಅರ್ಧಕ್ಕಿಂತ ಹೆಚ್ಚು ಚಾರ್ಜಿದ್ದ ಫೋನು ಚಳಿಗೆ ಕಣ್ಣು ಮುಚ್ಚಿತು. ಉಸಿರೆಳೆದಾಗ ಮೂಗಿನೊಳಗೆ ಏನೋ ಚಿಟಪಟ ಎಂದಿತು. ಅವು ಹೆಪ್ಪುಗಟ್ಟಿದ ಮೂಗಿನ ಕೂದಲುಗಳು.

ಕಿವಿಗಳು ಮೊದಲು ಉರಿದವು, ಆಮೇಲೆ ನೋಯತೊಡಗಿದವು, ಹತ್ತು ನಿಮಿಷದ ನಂತರ ನೋವೇ ಇಲ್ಲವಾಯಿತು. ಹಾಸನದ ರಕ್ತ ಕೊನೆಗೂ ಗೆದ್ದಿತೆಂದು ಬೀಗಿದೆ. ಪ್ಲಾಟ್‌ಫಾರ್ಮಿನಲ್ಲಿ ಗುಂಡಿ ಒತ್ತಿದರೆ ತಲೆಯ ಮೇಲೆ ಉರಿಯುವ ಕಾವುದೀಪಗಳಿವೆ. ಅವುಗಳ ಕೆಳಗೆ ಪ್ರಯಾಣಿಕರೂ ಪಾರಿವಾಳಗಳೂ ಭೇದಭಾವವಿಲ್ಲದೆ ಒತ್ತಾಗಿ ನಿಂತಿರುತ್ತವೆ. ಅಲ್ಲಿದ್ದ ವಯಸ್ಸಾದ ಹೆಂಗಸೊಬ್ಬರು ನನ್ನ ಕಿವಿಯನ್ನೇ ದಿಟ್ಟಿಸಿ, ಅದರ ತುದಿ ಮೇಣದಂತೆ ಬೆಳ್ಳಗಾಗಿದೆ ಎಂದರು. ನಮ್ಮಲ್ಲಿ ಯಾವ ಅಂಗಕ್ಕೆ ಏನಾದರೂ ಮೊದಲ ಚಿಕಿತ್ಸೆ ತಿಕ್ಕುವುದೇ ತಾನೇ? ಎರಡೂ ಅಂಗೈಗಳಿಂದ ರಭಸವಾಗಿ ತಿಕ್ಕಲು ಹೊರಟವನನ್ನು ಆಕೆ ಗದರಿಸಿ ತಡೆದರು. ಹೆಪ್ಪುಗಟ್ಟತೊಡಗಿದ ಚರ್ಮವನ್ನು ತಿಕ್ಕಿದರೆ ಒಳಗಿನ ಜೀವಕೋಶಗಳು ಹಾಳಾಗುತ್ತವೆ, ಮರಗಟ್ಟಿದ ಜಾಗಕ್ಕೆ ಸುಡುವುದೇ ಗೊತ್ತಾಗದಿರುವುದರಿಂದ ಬೆಂಕಿಯ ಬಳಿಯೂ ಹಿಡಿಯಬಾರದು, ಒಳಗೆ ಹೋಗಿ ಅಂಗೈ ಮುಚ್ಚಿ ನಿಧಾನವಾಗಿ ಬೆಚ್ಚಗಾಗಿಸಬೇಕು ಎಂದು ವಿವರಿಸಿ, ತಮ್ಮ ಹೂಹೂವಿನ ಮಫ್ಲರನ್ನು ನನ್ನ ತಲೆಗೆ ಸುತ್ತಿದರು. ಕಚೇರಿಯಲ್ಲಿ ಕಿವಿಗಳಿಗೆ ಜೀವ ಮರಳಿದಾಗ ಆದ ಉರಿಯನ್ನು ಬಣ್ಣಿಸಲು ಬ್ಯಾಡಗಿ ಮೆಣಸಿನಕಾಯಿಯನ್ನೇ ಕರೆಯಬೇಕು. ವಾರದ ನಂತರ ಸಿಪ್ಪೆ ಸುಲಿಯಿತು.

ಈಗ ನಾನು ಮೈಗೆ ಉಣ್ಣೆಯ ಒಳಉಡುಪು ತೊಡುತ್ತೇನೆ. ನಾಲ್ಕು ಬೆರಳೂ ಒಂದೇ ಚೀಲದಲ್ಲಿ ಕೂಡು ಕುಟುಂಬದಂತೆ ಬೆಚ್ಚಗಿರುವ ಕೈಗವಸು ಹಾಕುತ್ತೇನೆ. ಮಂಜುಗಡ್ಡೆಯ ಮೇಲೆ ಪೆಂಗ್ವಿನ್‌ನಂತೆ ಪುಟ್ಟ ಹೆಜ್ಜೆಯಿಟ್ಟು ತೂಗಾಡುತ್ತಾ ನಡೆಯುತ್ತೇನೆ. ಆದರೂ ಎರಡು ಸಲ ಬಿದ್ದಿದ್ದೇನೆ. ಶಿವರಾತ್ರಿಗೆ ಚಳಿ ‘ಶಿವ ಶಿವ’ ಎನ್ನುತ್ತಾ ಓಡಿಹೋಗುತ್ತದೆಂಬ ಮಾತು ಇಲ್ಲಿಯ ಚಳಿಗೆ ಇನ್ನೂ ತಲುಪಿಲ್ಲ.

ವಿಷಯ ತಿಳಿದ ಅಮ್ಮ ಅದೇ ಮಂಕಿ ಕ್ಯಾಪನ್ನು, ಅದರ ಬೆಲೆಯ ಹತ್ತರಷ್ಟು ಅಂಚೆವೆಚ್ಚ ತೆತ್ತು ಕಳುಹಿಸಿದರು. ಕಣ್ಣೆರಡು ಬಿಟ್ಟು ಉಳಿದುದೆಲ್ಲವನ್ನೂ ಮುಚ್ಚಿಕೊಂಡು ಕಾವುದೀಪದ ಕೆಳಗೆ ನಿಂತಿದ್ದಾಗ, ಪ್ಲಾಟ್‌ಫಾರ್ಮಿನ ಆ ತುದಿಯಿಂದ ಅಂಥದೇ ಟೋಪಿಯೊಂದು ಆನಂದದಿಂದ ನನ್ನತ್ತ ಧಾವಿಸಿ ಬಂತು. ಅಂತೂ ಒಬ್ಬ ಕನ್ನಡಿಗ ಸಿಕ್ಕನೆಂದು ಹಿಗ್ಗಿದೆ. ಅವರು ಬಾಯ್ತೆರೆದು ಬಂಗಾಳಿಯಲ್ಲಿ ಮಾತಾಡತೊಡಗಿದರು. ನಾನು ಉತ್ತರಿಸಬೇಕೆಂದರೆ ಬಾಯಿಯ ಮೇಲಿನ ಉಣ್ಣೆ ಸರಿಸಬೇಕಿತ್ತು. ರೈಲು ಬರುವವರೆಗೆ ಹದಿನಾಲ್ಕು ನಿಮಿಷ ತಲೆಯಾಡಿಸುತ್ತಾ ನಿಂತೆ.